ಹೊಸಪೇಟೆಯಿಂದ ಅಂತರರಾಷ್ಟ್ರೀಯ ಶಾಲೆಗೆ: ಶಿಕ್ಷಕ ನೇಮಕಾತಿಯ ದಾರಿಗಳು

ಬಳ್ಳಾರಿ ಜಿಲ್ಲೆಯಿಂದ ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು, ಹಂಪಿ ಅದೇ ತಾಲ್ಲೂಕಿನಲ್ಲಿ ಉಳಿಯಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಓದು, ಆಸ್ಪತ್ರೆ, ರೈಲು, ಸಂತೆ ಎಲ್ಲದಕ್ಕೂ ಈ ನಾಲ್ಕೂ ಊರಿನ ಜನ ಒಬ್ಬರೂರಿಗೆ ಒಬ್ಬರು ಓಡಾಡುವುದು ತಪ್ಪಿಲ್ಲ. ಇಲ್ಲಿ ಬಿ.ಇಡಿ. ಮುಗಿಸಿದವರ ಮನೆಯಲ್ಲಿ ಮೊದಲು ಏಳುವ ಮಾತು ‘ನೋಟಿಫಿಕೇಶನ್ ಯಾವಾಗ?’ ಎಂಬುದೇ. ಸರ್ಕಾರಿ ಶಿಕ್ಷಕ ಹುದ್ದೆಗೆ ಕಾಯುವುದು ಇಲ್ಲಿ ವರ್ಷಗಟ್ಟಲೆಯ ಕೆಲಸ. ಹೀಗೆ ಕಾಯುತ್ತಲೇ ಕೆಲವರು ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳ ಕಡೆಗೆ, ಇನ್ನು ಕೆಲವರು ದುಬೈ, ಮಸ್ಕತ್‌ಗಳ ಕಡೆಗೆ ನೋಡುತ್ತಾರೆ.

ಆ ಶಾಲೆಗಳಲ್ಲಿ ಈ ಭಾಗದ ಶಿಕ್ಷಕರಿಗೆ ಜಾಗವಿದೆ. ಅಲ್ಲಿಗೆ ಏಜೆಂಟರ ಕೈಹಿಡಿದು ಹೋಗಬೇಕು, ಲಕ್ಷಗಟ್ಟಲೆ ಕೊಟ್ಟು ಕೋರ್ಸ್ ಮಾಡಬೇಕು ಎಂದು ನಂಬಿ ದುಡ್ಡು ಕಳೆದುಕೊಂಡವರು ಬಹಳ. ನಿಜವಾಗಿ ತೂಕಕ್ಕೆ ಬರುವುದು ವಿಷಯದ ಹಿಡಿತ, ತರಗತಿಯಲ್ಲಿ ಮಕ್ಕಳನ್ನು ಯೋಚನೆಗೆ ಹಚ್ಚುವ ರೀತಿ ಮತ್ತು ಅಚ್ಚುಕಟ್ಟಾದ ಕಾಗದಪತ್ರ. ಮೂರನ್ನೂ ಊರಲ್ಲಿ ಇದ್ದುಕೊಂಡೇ ಸಿದ್ಧಮಾಡಿಕೊಳ್ಳಬಹುದು.

ಯಾವುದು ಅಂತರರಾಷ್ಟ್ರೀಯ ಶಾಲೆ

ಫಲಕದಲ್ಲಿ ‘ಇಂಟರ್‌ನ್ಯಾಷನಲ್’ ಎಂದು ಬರೆಸಿದ ಮಾತ್ರಕ್ಕೆ ಶಾಲೆ ಅಂತರರಾಷ್ಟ್ರೀಯ ಆಗುವುದಿಲ್ಲ. ಹಾಗೆ ಬರೆಸಿದ ಬಹಳಷ್ಟು ಶಾಲೆಗಳು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮದವು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಕೆಲಸ ಹುಡುಕುವ ಶಿಕ್ಷಕ ಮೊದಲು ನೋಡಬೇಕಾದದ್ದು ಶಾಲೆ ಯಾವ ಪರೀಕ್ಷಾ ಮಂಡಳಿಗೆ ಸೇರಿದೆ ಎಂಬುದನ್ನು.

ಭಾರತದಲ್ಲಿ ಮುಖ್ಯವಾಗಿ ಕಾಣುವ ಅಂತರರಾಷ್ಟ್ರೀಯ ಪಠ್ಯಕ್ರಮಗಳು ಎರಡು. ಒಂದು, 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್. ಎಲ್ಲರೂ ಐಬಿ ಎನ್ನುತ್ತಾರೆ. ಇದರಲ್ಲಿ 3ರಿಂದ 12ರ ವಯಸ್ಸಿನವರಿಗೆ ಪಿವೈಪಿ, 11ರಿಂದ 16ರವರೆಗೆ ಎಂವೈಪಿ, 16ರಿಂದ 19ರವರೆಗೆ ಡಿಪ್ಲೊಮಾ ಎಂಬ ಹಂತಗಳಿವೆ. ಇನ್ನೊಂದು ಕೇಂಬ್ರಿಜ್. ಅದರ ಐಜಿಸಿಎಸ್‌ಇ ಪರೀಕ್ಷೆ 1988ರಿಂದ ನಡೆಯುತ್ತಿದ್ದು ಹೆಚ್ಚು ಕಡಿಮೆ ನಮ್ಮ ಎಸ್ಸೆಸ್ಸೆಲ್ಸಿ ಮಟ್ಟದ್ದು. ಎ ಲೆವೆಲ್ ಎಂಬುದು ಪಿಯುಸಿ ಮಟ್ಟದ್ದು. ಐಬಿ ಡಿಪ್ಲೊಮಾಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಮಾನ್ಯತೆ 1983ರಿಂದಲೇ ಇದೆ.

ಐಸಿಎಸ್‌ಇಯನ್ನು ವಿದೇಶಿ ಪಠ್ಯಕ್ರಮ ಎಂದುಕೊಳ್ಳುವವರು ನಮ್ಮಲ್ಲಿ ಹಲವರಿದ್ದಾರೆ. ಅದು 1958ರಲ್ಲಿ ರೂಪುಗೊಂಡ ಭಾರತದ್ದೇ ಮಂಡಳಿಯ ಪರೀಕ್ಷೆ. ಸಿಬಿಎಸ್‌ಇ ಕೂಡ 2010ರಲ್ಲಿ ಒಂದು ಅಂತರರಾಷ್ಟ್ರೀಯ ಪಠ್ಯಕ್ರಮ ಆರಂಭಿಸಿ 2017ರಲ್ಲಿ ನಿಲ್ಲಿಸಿತು.

ಕರ್ನಾಟಕದಲ್ಲಿ ಐಬಿ ಮತ್ತು ಕೇಂಬ್ರಿಜ್ ಶಾಲೆಗಳು ಬೆಂಗಳೂರಿನ ಸುತ್ತಮುತ್ತ ಒತ್ತಾಗಿವೆ. ಬೆಂಗಳೂರು ಇಂಟರ್‌ನ್ಯಾಷನಲ್ ಸ್ಕೂಲ್ 1969ರಷ್ಟು ಹಳೆಯದು. ಕೆನಡಿಯನ್ ಇಂಟರ್‌ನ್ಯಾಷನಲ್ ಸ್ಕೂಲ್, ದಿ ಇಂಟರ್‌ನ್ಯಾಷನಲ್ ಸ್ಕೂಲ್ ಬ್ಯಾಂಗಲೋರ್, ಇಂಡಸ್, ಸ್ಟೋನ್‌ಹಿಲ್ ಇವೆಲ್ಲ 1990ರ ದಶಕದಿಂದ ಈಚೆಗೆ ಬಂದವು. ಒಂದು ಶಾಲೆ ಐಬಿಗೆ ಸೇರಿದೆಯೇ ಎಂದು ತಿಳಿಯಲು ಆ ಸಂಸ್ಥೆಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಸಾಕು, ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಅಲ್ಲೇ ಸಿಗುತ್ತದೆ. ಕೇಂಬ್ರಿಜ್‌ನದೂ ಹಾಗೇ. ಅರ್ಜಿ ಹಾಕುವ ಮುನ್ನ ಮಾಡಬೇಕಾದ ಮೊದಲ ಕೆಲಸ ಇದು.

ಊರಿನ ಸುತ್ತಲಿನ ತರಬೇತಿ ನೆಲ

ಅನುಭವ ಗಳಿಸಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿದ್ಯಾನಗರ ಟೌನ್‌ಶಿಪ್‌ನಲ್ಲಿ ಜಿಂದಾಲ್ ವಿದ್ಯಾಮಂದಿರವಿದೆ. ಕಾರ್ಖಾನೆಗೆ ದೇಶದ ನಾನಾ ಕಡೆಯಿಂದ ಬಂದವರ ಮಕ್ಕಳು ಇಂಥ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ ಕಾಲೊನಿಗೆಂದು ಆರಂಭವಾದ ಕೇಂದ್ರೀಯ ವಿದ್ಯಾಲಯವಿದೆ. ಸಂಡೂರಿನ ವಸತಿ ಶಾಲೆಗೆ ಹಳೆಯ ಹೆಸರಿದೆ. ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯ ಜವಾಹರ್ ನವೋದಯ ವಿದ್ಯಾಲಯದಲ್ಲಿ ಶಿಕ್ಷಕರು ಆವರಣದಲ್ಲೇ ಇರಬೇಕು. ಒಂಬತ್ತನೇ ತರಗತಿಯ ಒಂದಷ್ಟು ಮಕ್ಕಳು ಹಿಂದಿ ಪ್ರದೇಶದ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ.

ಹಲವು ಮನೆಮಾತುಗಳ ಮಕ್ಕಳಿರುವ ತರಗತಿಯನ್ನು ನಡೆಸಿದ್ದೇನೆ, ವಸತಿ ಶಾಲೆಯಲ್ಲಿ ರಾತ್ರಿ ಓದಿನ ಹೊಣೆ ಹೊತ್ತಿದ್ದೇನೆ ಎಂದು ಬಯೋಡೇಟಾದಲ್ಲಿ ಬರೆಯಲು ಸಾಧ್ಯವಾದರೆ ಅದಕ್ಕೆ ಅಂತರರಾಷ್ಟ್ರೀಯ ಶಾಲೆಯಲ್ಲಿ ನಿಜವಾದ ಬೆಲೆಯಿದೆ. ಎಷ್ಟೋ ಶಿಕ್ಷಕರು ಇದನ್ನು ಹೇಳಿಕೊಳ್ಳಲು ಮರೆತು, ಹೋದ ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನೇ ಸಾಲಾಗಿ ಬರೆಯುತ್ತಾರೆ.

ಕೇಂದ್ರೀಯ ವಿದ್ಯಾಲಯ ಮತ್ತು ನವೋದಯದ ಕಾಯಂ ಹುದ್ದೆಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆ ಇರುತ್ತದೆ. ಜತೆಗೆ ಕೇಂದ್ರೀಯ ವಿದ್ಯಾಲಯಗಳು ವರ್ಷ ವರ್ಷ ಗುತ್ತಿಗೆ ಶಿಕ್ಷಕರನ್ನು ನೇರ ಸಂದರ್ಶನದ ಮೂಲಕ ತೆಗೆದುಕೊಳ್ಳುತ್ತವೆ. ಹೊಸದಾಗಿ ಬಿ.ಇಡಿ. ಮುಗಿಸಿದವರು ಈ ವಾಕ್-ಇನ್ ಸಂದರ್ಶನಗಳನ್ನು ಬಿಡಬಾರದು.

ಸರ್ಕಾರಿ ನೇಮಕಾತಿ ಮತ್ತು 371ಜೆ

ಈ ನಾಲ್ಕು ಊರಿನವರಿಗೆ ಬೆಂಗಳೂರು, ಮೈಸೂರಿನವರಿಗಿಲ್ಲದ ಒಂದು ಹಕ್ಕಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿತು. ‘ಸಿ’ ವೃಂದದ ಹುದ್ದೆಗಳಲ್ಲಿ ಅದು ಶೇ 80. ಆಗ ಇದಕ್ಕೆ ಸೇರಿದ್ದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಬಳ್ಳಾರಿಯಿಂದ ಬೇರೆಯಾದ ವಿಜಯನಗರಕ್ಕೂ ಅದು ಮುಂದುವರಿದಿದೆ. ಹೀಗಾಗಿ ಹೊಸಪೇಟೆ ಒಂದು ಜಿಲ್ಲೆ, ಕಂಪ್ಲಿ ಇನ್ನೊಂದು ಜಿಲ್ಲೆ ಎಂದು ಹಕ್ಕಿನಲ್ಲಿ ವ್ಯತ್ಯಾಸವೇನೂ ಇಲ್ಲ. ಬೇಕಾದದ್ದು ಉಪವಿಭಾಗಾಧಿಕಾರಿ ಕಚೇರಿಯಿಂದ ಸಿಗುವ ಅರ್ಹತಾ ಪ್ರಮಾಣಪತ್ರ.

2022ರಲ್ಲಿ ರಾಜ್ಯ ಸರ್ಕಾರ 6ರಿಂದ 8ನೇ ತರಗತಿಗೆ ಕಲಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆಯಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲು. ಅದೇ ವರ್ಷ ಮೇ ತಿಂಗಳಲ್ಲಿ ಪರೀಕ್ಷೆ ಮುಗಿಯಿತು. ಆಮೇಲೆ ಮದುವೆಯಾದ ಮಹಿಳೆಯರು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿ, ಆಯ್ಕೆಯಾದವರು ಶಾಲೆಗೆ ಸೇರುವ ಹೊತ್ತಿಗೆ ಒಂದು ವರ್ಷದ ಮೇಲಾಯಿತು. ಈ ಕಾಯುವ ಕಾಲದಲ್ಲಿ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದವರು ವಿಷಯದ ಹಿಡಿತ ಉಳಿಸಿಕೊಂಡರು, ಮನೆಯಲ್ಲೇ ಕುಳಿತವರಿಗೆ ಅದು ಸಡಿಲವಾಯಿತು. 371ಜೆ ಹಕ್ಕು ಹುಟ್ಟು ಮತ್ತು ಹಿಂದಿನ ವಾಸದ ಆಧಾರದ ಮೇಲೆ ನಿಂತಿದೆ. ನಾಲ್ಕು ವರ್ಷ ಬೆಂಗಳೂರಿನ ಶಾಲೆಯಲ್ಲಿ ದುಡಿದರೆ ಅದು ಹೋಗುವುದಿಲ್ಲ. ಊರು ಬಿಟ್ಟರೆ ಹಕ್ಕು ಹೋಗುತ್ತದೆಂಬ ಹೆದರಿಕೆ ಇಲ್ಲಿಯ ಎಷ್ಟೋ ಮನೆಗಳಲ್ಲಿದೆ, ಆ ಹೆದರಿಕೆಗೆ ಆಧಾರವಿಲ್ಲ. ಗಮನ ಇಡಬೇಕಾದದ್ದು ವಯೋಮಿತಿಯ ಕಡೆಗೆ.

ಅರ್ಹತೆ: ಏನು ಸಾಕು, ಏನು ಸಾಲದು

ಪದವಿ ಮತ್ತು ಬಿ.ಇಡಿ. ಎಲ್ಲ ಕಡೆಯೂ ತಳಹದಿ. 2015–16ರಿಂದ ಬಿ.ಇಡಿ. ಎರಡು ವರ್ಷದ್ದು. 1ರಿಂದ 5ನೇ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಇಡಿ. ಸಲ್ಲದು, ಡಿ.ಎಲ್.ಇಡಿ. ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿರುವವರು ಕೋರ್ಸ್ ಆರಿಸುವಾಗಲೇ ಯೋಚಿಸಬೇಕಾಗಿದೆ.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, 150 ಅಂಕದ್ದು. ಸಾಮಾನ್ಯ ವರ್ಗದವರಿಗೆ ಶೇ 60 ಬೇಕು. ರಾಜ್ಯದ್ದಕ್ಕೆ ಕೆಎಆರ್‌ಟಿಇಟಿ, ಕೇಂದ್ರದ್ದಕ್ಕೆ ಸಿಟಿಇಟಿ. ಹಿಂದೆ ಇದರ ಸಿಂಧುತ್ವ ಏಳು ವರ್ಷ ಇತ್ತು. 2021ರ ನಿರ್ಧಾರದಿಂದ, 2011ಕ್ಕೆ ಪೂರ್ವಾನ್ವಯವಾಗಿ, ಜೀವನಪರ್ಯಂತ ಆಯಿತು. ಐಬಿ ಶಾಲೆಗಳು ಡಿಪ್ಲೊಮಾ ಹಂತಕ್ಕೆ ಟಿಇಟಿ ಕೇಳುವುದು ಅಪರೂಪ, ವಿಷಯದ ಸ್ನಾತಕೋತ್ತರ ಪದವಿ ಕೇಳುತ್ತವೆ. ಹಾಗಿದ್ದರೂ ಬಿ.ಇಡಿ. ಮುಗಿದ ಮೊದಲ ವರ್ಷವೇ ಟಿಇಟಿ ಪಾಸು ಮಾಡಿಟ್ಟುಕೊಳ್ಳುವುದು ಜಾಣತನ, ಓದಿದ್ದು ಆಗ ತಲೆಯಲ್ಲಿರುತ್ತದೆ.

ಐಬಿ ಕೋರ್ಸ್ ಮಾಡಿಕೊಂಡಿರದಿದ್ದರೆ ಐಬಿ ಶಾಲೆ ಒಳಗೇ ಬಿಡುವುದಿಲ್ಲ ಎಂಬ ಮಾತಿದೆ. ಇದು ಸರಿಯಲ್ಲ. ಐಬಿಗೆ ಹೊಸಬರಾದ ಶಿಕ್ಷಕರಿಗೆಂದೇ ಆ ಸಂಸ್ಥೆ ‘ಕೆಟಗರಿ 1’ ಕಾರ್ಯಾಗಾರ ನಡೆಸುತ್ತದೆ, ಅದಕ್ಕೆ ಶಿಕ್ಷಕರನ್ನು ಕಳಿಸುವುದು ಸಾಮಾನ್ಯವಾಗಿ ಶಾಲೆಯೇ. ಕೇಂಬ್ರಿಜ್‌ಗೆ ಪಿಡಿಕ್ಯೂ ಎಂಬ ಪ್ರಮಾಣಪತ್ರಗಳಿವೆ, ಅವನ್ನೂ ಕೆಲಸಕ್ಕೆ ಸೇರಿದ ಮೇಲೆ ಮಾಡುವುದೇ ಹೆಚ್ಚು. ಕೈಯಿಂದ ದುಡ್ಡು ಹಾಕಿ ಓದುವ ಮನಸ್ಸಿದ್ದರೆ ವಿಷಯದ ಎಂ.ಎ., ಎಂ.ಎಸ್ಸಿ. ಮೊದಲು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರವೂ ಮನೆಯ ಹತ್ತಿರವೇ ಇವೆ.

ಇಂಗ್ಲಿಷ್ ಬಗ್ಗೆ ಇಲ್ಲಿಯವರಿಗೆ ಇರುವ ಅಳುಕು ಅಗತ್ಯಕ್ಕಿಂತ ದೊಡ್ಡದು. ಕನ್ನಡದ ಧಾಟಿ ಇದ್ದರೆ ಯಾರೂ ಬೇಡ ಎನ್ನುವುದಿಲ್ಲ. ಒಂದು ವಿವರಣೆಯನ್ನು ಎರಡು ಮೂರು ರೀತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಲು ಬರಬೇಕು. ಪೋಷಕರಿಗೆ ತಪ್ಪಿಲ್ಲದ ಇಮೇಲ್ ಬರೆಯಲು ಬರಬೇಕು. ಸರ್ಕಾರಿ ಶಿಕ್ಷಕರಿಗೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ತರಬೇತಿ ಕೊಡುತ್ತ ಬಂದಿದೆ. ಖಾಸಗಿಯವರು ದಿನಾ ಒಂದು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಾವೇ ಕೇಳಿಕೊಂಡರೆ ಎರಡು ಮೂರು ತಿಂಗಳಲ್ಲಿ ಬದಲಾವಣೆ ಕಿವಿಗೇ ತಿಳಿಯುತ್ತದೆ.

ನೇಮಕಾತಿ ಯಾವಾಗ, ಹೇಗೆ

ರಾಜ್ಯ ಪಠ್ಯಕ್ರಮದ ಶಾಲೆಗಳು ಜೂನ್ ಹೊತ್ತಿಗೆ ತೆರೆಯುತ್ತವೆ, ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಿಂದ, ಹಲವು ಐಬಿ ಶಾಲೆಗಳದು ಆಗಸ್ಟ್‌ನಿಂದ. ಆಗಸ್ಟ್‌ಗೆ ಬೇಕಾದ ಶಿಕ್ಷಕರನ್ನು ಈ ಶಾಲೆಗಳು ಹಿಂದಿನ ವರ್ಷದ ದಸರಾ, ದೀಪಾವಳಿ ಕಳೆಯುತ್ತಲೇ ಹುಡುಕಲು ಶುರುಮಾಡುತ್ತವೆ. ನಮ್ಮವರು ಮೇ ತಿಂಗಳಲ್ಲಿ ಅರ್ಜಿ ಹಾಕುವ ರೂಢಿಯಲ್ಲಿದ್ದಾರೆ, ಅಷ್ಟರಲ್ಲಿ ಒಳ್ಳೆಯ ಹುದ್ದೆಗಳು ಮುಗಿದಿರುತ್ತವೆ.

ಅರ್ಜಿಗೆ ಶಾಲೆಯ ಜಾಲತಾಣದ ಉದ್ಯೋಗ ಪುಟವೇ ಸುರಕ್ಷಿತ. ವಿದೇಶದ ಶಾಲೆಗಳಿಗೆ ಸರ್ಚ್ ಅಸೋಸಿಯೇಟ್ಸ್, ಇಂಟರ್‌ನ್ಯಾಷನಲ್ ಸ್ಕೂಲ್ಸ್ ಸರ್ವಿಸಸ್, ಟೆಸ್ ಮುಂತಾದ ಸಂಸ್ಥೆಗಳು ನೇಮಕಾತಿ ನಡೆಸಿಕೊಡುತ್ತವೆ. ಇವು ಎರಡು ಮೂರು ವರ್ಷ ಅನುಭವ ಇರುವವರಿಗೆ ಹೆಚ್ಚು ಉಪಯೋಗ.

ಮೊದಲು ಬಯೋಡೇಟಾ ನೋಡುತ್ತಾರೆ, ಮುಂದೆ ವಿಡಿಯೊ ಕರೆಯಲ್ಲಿ ಮಾತು, ನಂತರ ಡೆಮೊ ಕ್ಲಾಸ್, ಕೊನೆಗೆ ಹಿಂದಿನ ಶಾಲೆಯಲ್ಲಿ ವಿಚಾರಣೆ. ಹಿಂದಿನ ಪ್ರಾಂಶುಪಾಲರಿಗೆ ಫೋನ್ ಹೋಗುತ್ತದೆ. ಎರಡು ಕೆಲಸಗಳ ನಡುವೆ ಖಾಲಿ ಬಿದ್ದ ತಿಂಗಳುಗಳ ಬಗ್ಗೆ ಕೇಳುತ್ತಾರೆ. ಪೊಲೀಸ್ ಪ್ರಮಾಣಪತ್ರ ಬೇಕೆನ್ನುತ್ತಾರೆ. ಇದನ್ನು ಅವಮಾನ ಎಂದುಕೊಳ್ಳಬಾರದು. ಮಕ್ಕಳ ಸುರಕ್ಷತೆಗಾಗಿ ಜಗತ್ತಿನ ಎಲ್ಲ ಒಳ್ಳೆಯ ಶಾಲೆಗಳು ಪಾಲಿಸುವ ಕ್ರಮ ಇದು, ನಮ್ಮ ಊರಿನ ಶಾಲೆಗಳಿಗೂ ಇದು ಬರಬೇಕು.

ಬೆಂಗಳೂರಿಗೆ ಡೆಮೊ ಕ್ಲಾಸ್‌ಗೆ ಕರೆದರೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಬೆಂಗಳೂರಿನಲ್ಲಿರುತ್ತಾರೆ. ಆದರೆ ದೊಡ್ಡ ಶಾಲೆಗಳೆಲ್ಲ ಸರ್ಜಾಪುರ, ವೈಟ್‌ಫೀಲ್ಡ್, ಯಲಹಂಕ, ದೇವನಹಳ್ಳಿ ಕಡೆಗೆ. ನಿಲ್ದಾಣದಿಂದ ಅಲ್ಲಿಗೆ ತಲುಪಲು ಇನ್ನೆರಡು ತಾಸು ಹಿಡಿಯಬಹುದು. ಹತ್ತು ಗಂಟೆಗೆ ಮುಂಚಿನ ಸಮಯ ಕೊಟ್ಟರೆ ಹಿಂದಿನ ದಿನವೇ ಹೋಗುವುದು ಒಳ್ಳೆಯದು.

ಡೆಮೊ ಕ್ಲಾಸ್: ಊರಿನ ಕಲ್ಲು, ಊರಿನ ನೀರು

ಆಯ್ಕೆ ತೀರ್ಮಾನವಾಗುವುದು ಇಲ್ಲಿ. ನಮ್ಮ ಕಡೆಯ ಶಿಕ್ಷಕರು ಎಡವುವುದೂ ಇಲ್ಲಿ. ಬಿ.ಇಡಿ.ಯಲ್ಲಿ ಕಲಿತಂತೆ ಪೀಠಿಕೆ ಹಾಕಿ, ವ್ಯಾಖ್ಯೆ ಬರೆಸಿ, ಚಾರ್ಟ್ ತೋರಿಸಿ ಮುಗಿಸುತ್ತಾರೆ. ನಲವತ್ತು ನಿಮಿಷದಲ್ಲಿ ಮೂವತ್ತೈದು ನಿಮಿಷ ಅವರದೇ ಮಾತು. ಹಿಂದೆ ಕುಳಿತ ಆಯ್ಕೆದಾರರು ನೋಡುತ್ತಿರುವುದು ಮಕ್ಕಳು ಏನು ಮಾಡುತ್ತಿದ್ದಾರೆ ಎಂಬುದನ್ನು. ಐಬಿಯ ಪಾಠಕ್ರಮ ನಿಂತಿರುವುದು ಮಕ್ಕಳ ಪ್ರಶ್ನೆಯ ಮೇಲೆ. ಕೇಂಬ್ರಿಜ್‌ನದು ಪ್ರಯೋಗ ಮತ್ತು ಪುರಾವೆಯ ಮೇಲೆ ಒತ್ತು ಕೊಡುತ್ತದೆ.

ವಿಜ್ಞಾನದ ಶಿಕ್ಷಕಿಯೊಬ್ಬರು ಸಂಡೂರಿನಿಂದ ಹೊರಟಿದ್ದಾರೆ ಎಂದುಕೊಳ್ಳೋಣ. ಚೀಲದಲ್ಲಿ ಎರಡು ಕಲ್ಲು ಹಾಕಿಕೊಂಡರೆ ಅವರ ಪಾಠ ಸಿದ್ಧ: ಒಂದು ಕಬ್ಬಿಣದ ಅದಿರು, ಇನ್ನೊಂದು ಮ್ಯಾಂಗನೀಸ್ ಅದಿರು. ಎರಡೂ ಕಪ್ಪು, ಎರಡೂ ಭಾರ, ನೋಡಿದರೆ ಅಣ್ಣತಮ್ಮಂದಿರಂತೆ. ಮಕ್ಕಳ ಕೈಗೆ ಕೊಟ್ಟು, ಇವೆರಡೂ ಒಂದೇ ವಸ್ತುವೇ ಎಂದು ಕೇಳಬೇಕು. ಅವರು ತೂಗಿ, ಮೂಸಿ, ಅಯಸ್ಕಾಂತ ಹಿಡಿದು ಜಗಳವಾಡಲಿ. ಆಮೇಲೆ ಹೊಳಪಿಲ್ಲದ ಬಿಳಿ ಟೈಲ್ಸ್‌ನ ಹಿಂಬದಿಗೆ ಉಜ್ಜಲು ಹೇಳಬೇಕು. ಒಂದು ಕಲ್ಲು ಇಟ್ಟಿಗೆಗೆಂಪಿನ ಗೆರೆ ಎಳೆಯುತ್ತದೆ, ಮತ್ತೊಂದು ಕರೀ ಗೆರೆ. ಕಪ್ಪು ಕಲ್ಲಿನೊಳಗಿಂದ ಕೆಂಪು ಬಂದದ್ದು ಕಂಡಾಗ ಮಕ್ಕಳೇ ಮುಂದಿನ ಪ್ರಶ್ನೆ ಎತ್ತುತ್ತಾರೆ: ಹಾಗಾದರೆ ಸಂಡೂರಿನ ಮಣ್ಣು, ಲಾರಿ ಓಡಾಡುವ ರಸ್ತೆ, ಆ ರಸ್ತೆಬದಿಯ ಗಿಡದ ಎಲೆ ಕೆಂಪಾಗಿರುವುದು ಇದರಿಂದಲೇ? ಅಲ್ಲಿಂದ ಆಕ್ಸೈಡ್‌ಗೂ ಹೋಗಬಹುದು, ಗಣಿಗಾರಿಕೆಗೂ ಹೋಗಬಹುದು.

ಇತಿಹಾಸದವರಿಗೆ ಹಂಪಿಯೇ ಇದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಗೆ ಬಂದ. 1520ರ ಸುಮಾರಿಗೆ ಪೋರ್ಚುಗೀಸ್ ಡೊಮಿಂಗೊ ಪಯಸ್ ಬಂದ. ಇಬ್ಬರೂ ಮಹಾನವಮಿ ಉತ್ಸವ ನೋಡಿ ಬರೆದಿದ್ದಾರೆ. ಒಂದು ಗುಂಪಿಗೆ ಒಬ್ಬನ ವಿವರಣೆ, ಇನ್ನೊಂದು ಗುಂಪಿಗೆ ಇನ್ನೊಬ್ಬನದು ಕೊಟ್ಟು, ಯಾರು ಏನನ್ನು ಕಂಡರು, ಯಾಕೆ ಅದನ್ನೇ ಕಂಡರು ಎಂದು ಕೇಳಿದರೆ ಅದು ಐಬಿ ಇತಿಹಾಸದ ಮೂಲ ಕೌಶಲವೇ ಆಗುತ್ತದೆ. ಹಂಪಿ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಬೆಂಗಳೂರಿನ ಎಷ್ಟೋ ಶಾಲೆಗಳು ಮಕ್ಕಳನ್ನು ಇಲ್ಲಿಗೆ ಪ್ರವಾಸ ಕರೆತರುತ್ತವೆ. ಆ ಪ್ರವಾಸಕ್ಕೆ ಅಧ್ಯಯನದ ಯೋಜನೆ ಹಾಕಿಕೊಡಬಲ್ಲ ಸ್ಥಳೀಯ ಶಿಕ್ಷಕ ಶಾಲೆಗೆ ಬೇಕೇ ಬೇಕು.

ಗಣಿತ, ಭೂಗೋಳದವರಿಗೆ ನೀರಿದೆ. ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲಿ ಪಂಪಿಲ್ಲದೆ ಬರೀ ಇಳಿಜಾರಿನ ಬಲದಿಂದ ಇವತ್ತಿಗೂ ನೀರು ಹರಿಯುತ್ತಿದೆ, ಹಂಪಿಯ ಬಾಳೆತೋಟಕ್ಕೆ ಉಣಿಸುತ್ತಿದೆ. ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು, ನೀರು ನಿಲ್ಲಿಸಲು ಸ್ಟಾಪ್ ಲಾಗ್ ಇಳಿಸಬೇಕಾಯಿತು. ನದಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತದೆ. ಒಂದು ಗೇಟಿಲ್ಲದಾಗ ಎಷ್ಟು ಗೇಟು ಎತ್ತಬೇಕು, ಕೆಳಗಿನ ಊರಿಗೆ ಯಾವಾಗ ಸುದ್ದಿ ಕೊಡಬೇಕು, ಎರಡನೇ ಬೆಳೆಯ ನೀರು ಹೋದರೆ ಕಂಪ್ಲಿಯ ಭತ್ತದ ರೈತ ಯಾರನ್ನು ಕೇಳಬೇಕು? ಈ ಪಾಠಕ್ಕೆ ಬೇಕಾದ ಸಾಮಗ್ರಿ ಬೇರೆ ಊರಿನ ಶಿಕ್ಷಕರಿಗೆ ಇಷ್ಟು ಹತ್ತಿರದಲ್ಲಿಲ್ಲ.

ಕನ್ನಡ ಶಿಕ್ಷಕರಿಗೆ ತೆರೆದ ಬಾಗಿಲು

ಅಂತರರಾಷ್ಟ್ರೀಯ ಶಾಲೆ ಎಂದರೆ ಇಂಗ್ಲಿಷ್, ಗಣಿತ, ವಿಜ್ಞಾನದವರಿಗೆ ಮಾತ್ರ ಎಂದು ಕನ್ನಡ ಎಂ.ಎ. ಮಾಡಿದವರು ದೂರ ಉಳಿಯುತ್ತಾರೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದು ವಿಧಿಸಿದ ಮೇಲೆ ಖಾಸಗಿ ಶಾಲೆಗಳಲ್ಲಿ ಕನ್ನಡ ಶಿಕ್ಷಕರಿಗೆ ಬೇಡಿಕೆ ಬಂತು. ಬೆಂಗಳೂರಿನಲ್ಲಿ ಹೊರ ರಾಜ್ಯದ ಮಕ್ಕಳೇ ತುಂಬಿರುವ ತರಗತಿಗೆ ಕನ್ನಡ ಕಲಿಸುವುದು ಬೇರೆಯದೇ ಕಸುಬು. ಅಲ್ಲಿ ವರ್ಣಮಾಲೆ, ಕಾಗುಣಿತದಿಂದ ಶುರುಮಾಡಿದರೆ ಮಗು ಒಂದು ವರ್ಷವಾದರೂ ಬಾಯಿಬಿಡುವುದಿಲ್ಲ. ಅಂಗಡಿ, ಆಟ, ಬಸ್ಸು, ಊಟದ ಮಾತಿನಿಂದ ಆರಂಭಿಸಿ ಆಮೇಲೆ ಬರವಣಿಗೆಗೆ ಬರಬೇಕು.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ತನ್ನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡ ಕಲಿಸುತ್ತ ಬಂದಿದೆ. ಆ ಪದ್ಧತಿಯ ಪಾಠಪುಸ್ತಕಗಳನ್ನು ತರಿಸಿಕೊಂಡು ನೋಡುವುದು ಕನ್ನಡ ಶಿಕ್ಷಕರಿಗೆ ಒಳ್ಳೆಯ ಸಿದ್ಧತೆ. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಯಲ್ಲಿ ದೊಡ್ಡ ಕೆಲಸ ಮಾಡಿದೆ. ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಸುವ ಒಂದು ಕಿರು ತರಬೇತಿಯನ್ನು ಅದು ಈ ಭಾಗದ ಯುವ ಶಿಕ್ಷಕರಿಗೆ ಕೊಡುವಂತಾದರೆ ಎಷ್ಟೋ ಮನೆಗಳಿಗೆ ಅನ್ನದ ದಾರಿಯಾಗುತ್ತದೆ.

ಇನ್ನು ಅಮೆರಿಕ, ದುಬೈ, ಬ್ರಿಟನ್‌ಗಳಲ್ಲಿ ಕನ್ನಡ ಸಂಘಗಳು ನಡೆಸುವ ವಾರಾಂತ್ಯದ ಕನ್ನಡ ಶಾಲೆಗಳು ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುತ್ತವೆ. ಅವುಗಳ ಮೇಲೆ ಸಂಬಳದ ಆಸೆ ಇಟ್ಟು ವಿಮಾನ ಹತ್ತುವಂತಿಲ್ಲ.

ಕೊಲ್ಲಿ ದೇಶಗಳು ಮತ್ತು ಇಂಗ್ಲೆಂಡ್

ವಿದೇಶಕ್ಕೆ ಹೋಗುವ ನಮ್ಮ ಶಿಕ್ಷಕರಿಗೆ ಮೊದಲು ಸಿಗುವುದು ಯುಎಇ, ಒಮಾನ್, ಕತಾರ್, ಕುವೈತ್, ಸೌದಿಯಲ್ಲಿರುವ ಭಾರತೀಯ ಶಾಲೆಗಳು. ಸಿಬಿಎಸ್‌ಇ ಅನುಭವ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದುಬೈಯಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಪ್ರಾಧಿಕಾರ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ಇವುಗಳ ಒಪ್ಪಿಗೆಯಿಲ್ಲದೆ ಶಿಕ್ಷಕರನ್ನು ನೇಮಿಸುವಂತಿಲ್ಲ. ಅದೇ ನಗರದ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಹೆಚ್ಚು ಸಂಬಳ ಕೊಡುತ್ತವೆ, ಹೆಚ್ಚು ಕೇಳುತ್ತವೆ. ಸಂಬಳದ ಅಂಕಿ ನೋಡಿ ಹಿಗ್ಗುವ ಮೊದಲು ಮನೆ ಬಾಡಿಗೆ ಯಾರದು, ಮಕ್ಕಳ ಶುಲ್ಕದಲ್ಲಿ ರಿಯಾಯಿತಿ ಇದೆಯೇ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಬಾಡಿಗೆ ಕೈಯಿಂದಲೇ ಕಟ್ಟಬೇಕಾದರೆ ದುಬೈ ಸಂಬಳ ಬೆಂಗಳೂರಿನದಕ್ಕಿಂತ ಹೆಚ್ಚೇನೂ ಉಳಿಯದಿರಬಹುದು.

ಇಂಗ್ಲೆಂಡಿನ ದಾರಿ ಹೊಸದು. 2023ರ ಫೆಬ್ರವರಿಯಿಂದ ಭಾರತದಲ್ಲಿ ಶಿಕ್ಷಕ ಅರ್ಹತೆ ಪಡೆದವರೂ ಅಲ್ಲಿಯ ಕ್ಯೂಟಿಎಸ್ ಎಂಬ ಶಿಕ್ಷಕ ಮಾನ್ಯತೆಗೆ ನೇರ ಅರ್ಜಿ ಹಾಕಬಹುದು. ಆದರೆ ಇದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರುವವರಿಗೆ. ಅರ್ಜಿಗೆ ಶುಲ್ಕವಿಲ್ಲ. ‘ಕ್ಯೂಟಿಎಸ್ ಕೊಡಿಸುತ್ತೇವೆ, ಐವತ್ತು ಸಾವಿರ ಕಟ್ಟಿ’ ಎನ್ನುವವರು ಸಿಕ್ಕರೆ ಈ ಒಂದು ಸಂಗತಿ ನೆನಪಿರಲಿ.

ಕಾಗದಪತ್ರ

ಅನುಭವ, ಆಯ್ಕೆ ಎರಡೂ ಆದ ಮೇಲೆ ಕಾಗದದ ಮುಂದೆ ಸೋತವರಿದ್ದಾರೆ. ಮುಖ್ಯ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಮಂಜುಳಾ’, ಪದವಿಯಲ್ಲಿ ‘ಮಂಜುಳಾ ಕೆ.’, ಆಧಾರ್‌ನಲ್ಲಿ ‘ಮಂಜುಳಾ’ ಮಾತ್ರ, ಮದುವೆಯ ನಂತರದ ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆತನದ ಹೆಸರು. ನಮಗೆ ಇದು ಒಬ್ಬರೇ ಎಂದು ಗೊತ್ತು, ರಾಯಭಾರ ಕಚೇರಿಗೆ ನಾಲ್ವರು. ಇನಿಷಿಯಲ್ ಬಿಡಿಸಿ ಬರೆದ ಹೆಸರನ್ನು ಪಾಸ್‌ಪೋರ್ಟ್, ಆಧಾರ್, ಪದವಿ ಮೂರರಲ್ಲೂ ಒಂದೇ ಮಾಡಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಕೆಲಸ ಸಿಕ್ಕ ಮೇಲೆ ಓಡಾಡುವ ಬದಲು ಈಗಲೇ ಮಾಡಿಸುವುದು ಮೇಲು. ಪಾಸ್‌ಪೋರ್ಟ್‌ಗೆ ಬಳ್ಳಾರಿಯ ಅಂಚೆ ಕಚೇರಿ ಸೇವಾ ಕೇಂದ್ರ ಹತ್ತಿರ, ಹುಬ್ಬಳ್ಳಿಯದೂ ಇದೆ.

ಎರಡನೆಯದು ಅಟೆಸ್ಟೇಶನ್. ಪದವಿ ಪ್ರಮಾಣಪತ್ರ ಅಸಲಿ ಎಂದು ಮೊದಲು ರಾಜ್ಯದ ಶಿಕ್ಷಣ ಇಲಾಖೆ, ಮುಂದೆ ಕೇಂದ್ರದ ವಿದೇಶಾಂಗ ಸಚಿವಾಲಯ ದೃಢೀಕರಿಸಬೇಕು. ಭಾರತ 2005ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದ್ದರಿಂದ, ಆ ಒಪ್ಪಂದದಲ್ಲಿರುವ ಒಮಾನ್‌ನಂಥ ದೇಶಗಳಿಗೆ ಅಪೊಸ್ಟಿಲ್ ಮುದ್ರೆ ಸಾಕು. ಯುಎಇಗೆ ಸಚಿವಾಲಯದ ದೃಢೀಕರಣದ ಮೇಲೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇಲ್ಲಿಯವರಿಗೆ ಇನ್ನೊಂದು ಸುತ್ತಾಟವಿದೆ: ಬಳ್ಳಾರಿಯ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಓದಿದವರ ಪದವಿ ಗುಲಬರ್ಗಾ ವಿಶ್ವವಿದ್ಯಾಲಯದ್ದು, ಹಾಗಾಗಿ ಪರಿಶೀಲನೆಗೆ ಕಲಬುರಗಿಗೆ ಹೋಗಬೇಕು.

ಏಜೆಂಟರು

ವಿದೇಶಕ್ಕೆ ಜನರನ್ನು ಕೆಲಸಕ್ಕೆ ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವರ ಪರವಾನಗಿ ಸಂಖ್ಯೆ ಇ-ಮೈಗ್ರೇಟ್ ಜಾಲತಾಣದಲ್ಲಿ ಕಾಣಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಎಂಬ ಮಾತನ್ನು ನಂಬಿ ಹೋದವರ ಕೈಗೆ ಶಾಲೆಯೂ ಸಿಗುವುದಿಲ್ಲ, ಕಾನೂನಿನ ರಕ್ಷಣೆಯೂ ಸಿಗುವುದಿಲ್ಲ. ಮನೆ ಅಡವಿಟ್ಟು, ಬಂಗಾರ ಮಾರಿ ಕಟ್ಟಿದ ದುಡ್ಡು ಅದು. ಮಗಳು ಟೀಚರಾಗಿ ಹೋಗುತ್ತಾಳೆಂಬ ಖುಷಿಯಲ್ಲಿ ಹಿರಿಯರು ರಸೀದಿಯನ್ನೂ ಕೇಳಿರುವುದಿಲ್ಲ.

ಒಪ್ಪಂದ, ಗ್ರಾಚ್ಯುಟಿ

ಒರಿಜಿನಲ್ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಖಾಸಗಿ ಶಾಲೆಗಳು ಇಂದಿಗೂ ಇವೆ. ಪರಿಶೀಲನೆಗೆ ತೋರಿಸಬೇಕು, ಜೆರಾಕ್ಸ್ ಕೊಡಬೇಕು, ಒರಿಜಿನಲ್ ಮನೆಗೆ ತರಬೇಕು. ಮುಂದಿನ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕುವ ಹಗ್ಗ ಅದೇ. ಬಾಂಡ್ ಇದ್ದರೆ ಎಷ್ಟು ವರ್ಷದ್ದು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಅವಧಿ ಎಷ್ಟು ಎಂದು ಸಹಿ ಹಾಕುವ ಮೊದಲೇ ಓದಬೇಕು.

ಖಾಸಗಿ ಶಾಲೆಯ ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂಬ ಮಾತು ಸ್ಟಾಫ್‌ರೂಮುಗಳಲ್ಲಿ ಈಗಲೂ ಕೇಳುತ್ತದೆ. 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಗ್ರಾಚ್ಯುಟಿಯೊಳಗೆ ತಂದಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ಸತತ ಸೇವೆ ಸಲ್ಲಿಸಿ ಬಿಡುವ ಕಾಯಂ ಶಿಕ್ಷಕರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನದ ಲೆಕ್ಕದಲ್ಲಿ ಇದು ಬರಬೇಕು. ನಾಲ್ಕೂವರೆ ವರ್ಷಕ್ಕೆ ಶಾಲೆ ಬದಲಿಸುವ ಯೋಚನೆಯಲ್ಲಿರುವವರು ಈ ಲೆಕ್ಕವನ್ನೊಮ್ಮೆ ಹಾಕಿಕೊಳ್ಳಬೇಕು. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲವೇತನ ಸಿಗುತ್ತದೆ. ಮೂಲವೇತನವನ್ನು ಚಿಕ್ಕದು ಮಾಡಿ ಭತ್ಯೆಯನ್ನು ದೊಡ್ಡದು ಮಾಡಿದ ಒಪ್ಪಂದದಲ್ಲಿ ಈ ಮೊತ್ತ ಬಹಳ ಕಡಿಮೆಯಾಗಬಹುದು.

ಶಾಲೆ ಬಿಡುವಾಗ ರಿಲೀವಿಂಗ್ ಲೆಟರ್ ಜತೆ ಅನುಭವ ಪತ್ರವನ್ನೂ ಕೇಳಿ ಪಡೆಯಬೇಕು. ಯಾವ ತರಗತಿಗೆ, ಯಾವ ವಿಷಯ, ಯಾವ ಮಂಡಳಿಯ ಪಠ್ಯಕ್ರಮ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕೇವಲ ‘ನಮ್ಮ ಸಂಸ್ಥೆಯಲ್ಲಿ ಕೆಲಸ ಮಾಡಿದ್ದಾರೆ’ ಎಂದಿರುವ ಪತ್ರವನ್ನು ದುಬೈ ಶಾಲೆಯೂ ಒಪ್ಪುವುದಿಲ್ಲ, ಬೆಂಗಳೂರಿನದೂ ಒಪ್ಪುವುದಿಲ್ಲ.